ಹಾರದ ಮಿಡತೆಗಳ ಜೊತೆ ಒಂದು ಮಧ್ಯಾಹ್ನ

ಭಾಗ್ಯಶ್ರೀ ಡೆಹ್ರಾಡೂನಿಗೆ ಹೊರಟ ದಿನ ಮಹಾನಂದಾಳಿಗೆ ಒಂದು ಜಾಲರಿ ಡಬ್ಬಿ ಒಪ್ಪಿಸಿದಳು. ಒಳಗೆ ಹಸಿ ಹುಲ್ಲು, ಒಂದು ಬಟ್ಟಲು ಒದ್ದೆ ಮಣ್ಣು, ಐದಾರು ಕಂದು ಮಿಡತೆ. ಹಿಮಾಲಯದಲ್ಲಿ ಮರವೂ ಬೆಳೆಯಲಾರದಷ್ಟು ಎತ್ತರದ ಹುಲ್ಲುಗಾವಲಿನಿಂದ, ಸಂಶೋಧನೆಗೆಂದು ಅವಳೇ ಹಿಡಿದು ತಂದಿದ್ದಳು.

"ಇವಕ್ಕೆ ರೆಕ್ಕೆ ಇಲ್ಲ ಅಕ್ಕಾ. ಹುಟ್ಟಿದ ಗುಡ್ಡ ಬಿಟ್ಟು ಪಕ್ಕದ ಗುಡ್ಡಕ್ಕೂ ಹೋಗಲ್ಲ. ಲ್ಯಾಬಿನ ಕೂಲಿಂಗ್ ಮಷಿನ್ ರಿಪೇರಿ ಆಗೋವರೆಗೂ ನನ್ನ ರೂಮಲ್ಲೇ ಇರ್ಲಿ. ಏಸಿ ಮಾತ್ರ ಆಫ್ ಮಾಡ್ಬೇಡ. ಆಮೇಲೆ ನಮ್ ಲ್ಯಾಬಿನ ಸಂಗಮೇಶ್ ಬಂದು ತಗೊಂಡು ಹೋಗ್ತಾನೆ."

"ನೀನು ಯಾವಾಗ ಬರ್ತೀಯ?"

ಭಾಗ್ಯಶ್ರೀ ಸೂಟ್‌ಕೇಸಿನ ಜಿಪ್ ಎಳೆಯುತ್ತ "ನೋಡೋಣ" ಎಂದಳು. ಅವಳಿಗೆ ಅಲ್ಲೇ ಕೆಲಸ ಸಿಕ್ಕಿತ್ತು. ಬರುವ ಮಾತಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬೆಂಗಳೂರಿನ ಬ್ರೂಕ್‌ಫೀಲ್ಡಿನ ಆ ಮನೆಯಲ್ಲಿ ಗೆಳತಿಯರಿಬ್ಬರೂ ಒಂಬತ್ತು ವರ್ಷ ಒಟ್ಟಿಗಿದ್ದರು. ಮಹಾನಂದಾಳಿಗೆ ಈಗ ನಲವತ್ತೈದು. ಮದುವೆಯ ಮಾತೆತ್ತುವುದನ್ನು ಬಂಧುಗಳು ಯಾವತ್ತೋ ಬಿಟ್ಟಿದ್ದರು. ಜೊತೆಗೊಬ್ಬಳಿದ್ದಾಳೆಂಬ ಧೈರ್ಯದಲ್ಲಿ ಅವಳಿಗೂ ಅದು ಕೊರತೆ ಅನಿಸಿರಲಿಲ್ಲ. ಈಗ ಆಫೀಸಿನಿಂದ ಬಂದು ಬೀಗ ತೆಗೆದರೆ, ಬೆಳಗ್ಗೆ ತಾನು ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಏಪ್ರಿಲ್ ಸೆಕೆಗೆ ಊರೆಲ್ಲ ಬೇಯುತ್ತಿರುವಾಗ ಅವಳು ಮಿಡತೆಗಳ ಕೋಣೆಯಲ್ಲಿ ಎರಡು ಕೌದಿ ಹೊದ್ದು ಮಲಗತೊಡಗಿದಳು.

ಒಂದು ಭಾನುವಾರ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ಮೇಲಿನ ಮಹಡಿಯ ಮನೆ, ನೋಡನೋಡುತ್ತ ಕಾದ ಹೆಂಚಾಯಿತು. ಊಟದ ಹೊತ್ತಿಗೆ ಒಂದು ಮಿಡತೆ ಮಗ್ಗುಲಾಗಿ ಬಿದ್ದಿತ್ತು. ಮುಟ್ಟಿದರೂ ಕಾಲು ಅಲುಗಲಿಲ್ಲ. ಭಾಗ್ಯಶ್ರೀ ಫೋನ್ ಎತ್ತಲಿಲ್ಲ. ಮಹಾನಂದಾ ಬಾಗಿಲು ತೆರೆದು ವರಾಂಡದಲ್ಲಿ ನಿಂತಳು. ಎದುರಿಗೆ ನಾಲ್ಕು ಮನೆ. ಯಾವ ಬಾಗಿಲು ತಟ್ಟಿ ಏನೆಂದು ಕೇಳುವುದು? ಒಬ್ಬರ ಹೆಸರೂ ಗೊತ್ತಿರಲಿಲ್ಲ.

ತಣ್ಣಗಿರುವ ಜಾಗವೆಂದು ತಟ್ಟನೆ ಹೊಳೆದದ್ದು ಮೆಟ್ರೋ ರೈಲು. ಡಬ್ಬಿಗೆ ಒದ್ದೆ ಟವೆಲ್ ಸುತ್ತಿ, ಆಟೋ ಹಿಡಿದು ಕುಂದಲಹಳ್ಳಿ ಸ್ಟೇಷನ್ನಿಗೆ ಹೋದಳು.

"ಏನ್ ಮೇಡಂ ಇದು?" ಸೆಕ್ಯುರಿಟಿಯವನು ತಡೆದ.

"ಮಿಡತೆ ಸಾರ್. ಮನೇಲಿ ಕರೆಂಟಿಲ್ಲ, ಸೆಕೆಗೆ ಸಾಯ್ತಿವೆ."

ಅವನು ಬಗ್ಗಿ ನೋಡಿದ. "ಹಾರ್ಕೊಂಡು ಹೋಗಿ ಯಾರ್ ಮೇಲಾದ್ರೂ ಕೂತ್ರೆ?"

"ಇವು ಹಾರಲ್ಲ. ರೆಕ್ಕೆ ಇಲ್ಲ."

"ಏನೇನ್ ಸಾಕ್ತಾರಪ್ಪ ಜನ! ಹೋಗಿ, ಮುಚ್ಚಳ ಮಾತ್ರ ತೆಗೀಬೇಡಿ."

ರೈಲಿನ ತಂಪಿಗೆ ಉಳಿದವು ನಿಧಾನಕ್ಕೆ ಮೀಸೆ ಆಡಿಸಿದವು. ಕೆ.ಆರ್. ಪುರದಲ್ಲಿ ದೊಡ್ಡ ಗಂಟು ಹೊತ್ತ ಮುದುಕಿಯೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು.

"ಏನೈತವ್ವಾ ಅದರಾಗ?"

"ಮಿಡತೆ. ಹಿಮಾಲಯದ್ದು."

"ಅಷ್ಟು ದೂರದಿಂದ ತಂದೀಯಾ? ಇಲ್ಲಿ ಬಿಸಲು ತಡೀತಾವೇನ?"

"ತಡಿಯಂಗಿಲ್ಲ. ಅದಕ್ಕ ರೈಲಿನಾಗ ಕುಂತೀನಿ." ಆಡಿದ ಮೇಲೆ ಮಹಾನಂದಾಳಿಗೇ ಅಚ್ಚರಿಯಾಯಿತು. ಊರ ಕಡೆಯ ಈ ಮಾತು ಅವಳ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ.

"ಯಾವೂರವ್ವಾ ನಿಂದು?"

"ಇಳಕಲ್."

"ಅಯ್ಯ, ನಮ್ಮ ಕಡೇಕಿ! ನಂದು ಕುಷ್ಟಗಿ. ಇಲ್ಲಿ ಕಟ್ಟಡದ ಕೆಲಸ ಮುಗೀತು, ಊರಿಗೆ ಹೊಂಟೀನಿ."

ಅಷ್ಟರಲ್ಲಿ ದಪ್ಪನೆಯ ಹೆಣ್ಣು ಮಿಡತೆ ಬಟ್ಟಲಿಗಿಳಿದು ಹೊಟ್ಟೆಯ ತುದಿಯನ್ನು ಮಣ್ಣಿಗೆ ಒತ್ತತೊಡಗಿತು. ಇಬ್ಬರೂ ಬಗ್ಗಿದರು.

"ತತ್ತಿ ಇಡಾಕತ್ತೈತಿ," ಮುದುಕಿ ಪಿಸುಗುಟ್ಟಿದಳು. "ಅಲ್ಲಾಡಿಸಬ್ಯಾಡವ್ವಾ."

ರೈಲು ಬ್ರೇಕ್ ಹಾಕಿದಾಗಲೆಲ್ಲ ಇಬ್ಬರೂ ಡಬ್ಬಿಯನ್ನು ಅಲುಗದಂತೆ ಹಿಡಿದರು. ಮುದುಕಿಯ ಒರಟು ಬೆರಳು ಮಹಾನಂದಾಳ ಬೆರಳಿನ ಮೇಲಿತ್ತು. ಮೆಜೆಸ್ಟಿಕ್ ಬಂದಾಗ ಮುದುಕಿ ಗಡಬಡಿಸಿ ಎದ್ದು, "ಬಾಣಂತಿ ಐತಿ, ಹುಷಾರು!" ಎನ್ನುತ್ತ ಗಂಟು ಎಳೆದುಕೊಂಡು ಜನರ ನಡುವೆ ಇಳಿದಳು. ಹೆಸರು ಕೇಳಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿತು. ಮಹಾನಂದಾ ಚಲ್ಲಘಟ್ಟದ ಕೊನೆಯವರೆಗೂ ಹೋಗಿ, ಸಂಜೆಯ ಹೊತ್ತಿಗೆ ವಾಪಸಾದಳು.

ಕರೆಂಟು ಬಂದಿತ್ತು. ಭಾಗ್ಯಶ್ರೀಯೂ ಫೋನ್ ಮಾಡಿದಳು. "ಮೊಟ್ಟೆ ಇಡ್ತಾ? ಅಕ್ಕಾ, ನಿಂಗೊತ್ತಿಲ್ಲ ಇದೆಷ್ಟು ದೊಡ್ಡ ವಿಷ್ಯ ಅಂತ! ಇರು, ಇಲ್ಲಿ ಎಲ್ಲರಿಗೂ ಹೇಳ್ಬೇಕು." ಆ ಕಡೆ ಯಾರ್ಯಾರೋ ನಗುತ್ತಿದ್ದರು. ರೈಲಿನ ಕಥೆ ಹೇಳಲು ಮಹಾನಂದಾ ಬಾಯಿ ತೆರೆಯುವ ಮೊದಲೇ ಫೋನು ಇಟ್ಟಾಗಿತ್ತು.

ಮುಂದಿನ ಭಾನುವಾರ ಸಂಗಮೇಶ್ ಬಂದ. ಐಸ್ ತುಂಬಿದ ಪೆಟ್ಟಿಗೆಯಲ್ಲಿ ಡಬ್ಬಿಯನ್ನು ಜೋಪಾನವಾಗಿ ಇಟ್ಟುಕೊಂಡ.

"ಊಟ ಮಾಡ್ಕೊಂಡು ಹೋಗಿ," ಎಂದಳು ಮಹಾನಂದಾ. "ರೊಟ್ಟಿ ಮಾಡಿದೀನಿ. ಎಣ್ಣೆಗಾಯಿ ಇದೆ."

"ಐಸ್ ಕರಗಿಬಿಡುತ್ತೆ ಅಕ್ಕಾ. ಎಲೆಕ್ಟ್ರಾನಿಕ್ ಸಿಟಿ ತಲುಪಬೇಕಲ್ಲ, ಇನ್ನೊಂದ್ಸಲ ಖಂಡಿತ."

ಅವನ ಎರಡೂ ಕೈಯಲ್ಲಿ ಪೆಟ್ಟಿಗೆ ಇದ್ದುದರಿಂದ ಅವಳೇ ಲಿಫ್ಟಿನ ಗುಂಡಿ ಒತ್ತಿದಳು. ಅವನು ಇಳಿದು ಹೋದ ಮೇಲೆ ಒಳಗೆ ಬಂದು ತಟ್ಟೆ ಹಾಕಿಕೊಂಡಳು. ರೊಟ್ಟಿ ಇನ್ನೂ ಬಿಸಿಯಾಗಿತ್ತು.