ಸಂಗನಗೌಡ ಕತ್ತರಿಸಿದ ಹೆಳಲು

ನಾನು ಒಂದು ಚೌರಿ. ಹೆಣ್ಣುವೇಷದವರು ತಲೆಗೆ ಕಟ್ಟಿಕೊಳ್ಳುವ ಕಟ್ಟುಜಡೆ ಎಂದರೆ ನಿಮಗೆ ತಿಳಿದೀತು. ಬೇರೆ ಚೌರಿಗಳು ಅಂಗಡಿಯಲ್ಲಿ ಹುಟ್ಟುತ್ತವೆ. ನಾನು ಹುಟ್ಟಿದ್ದು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯ ಬಾಯಲ್ಲಿ, ನಡುಹಗಲು, ಊರ ಮಂದಿ ನೋಡುತ್ತಿದ್ದಾಗ. ಅದನ್ನು ನಾನು ಮರೆತಿಲ್ಲ. ಮರೆಯಲು ನಾನೇನು ಮನುಷ್ಯಳೇ?

ಅದಕ್ಕೂ ಮೊದಲು ನಾನು ಯಲಗೂರದಪ್ಪನ ಸ್ವಂತ ಕೂದಲಾಗಿದ್ದೆ. ಘಟಪ್ರಭೆಯ ದಂಡೆಯ ಊರುಗಳಲ್ಲಿ ಆಗ ಬಯಲಾಟದ ಮೇಳಗಳಿಗೆ ಸುಗ್ಗಿ. ಹೆಣ್ಣುಪಾತ್ರ ಮಾಡುವ ಗಂಡಸರು ಉದ್ದ ಕೂದಲು ಬಿಡುತ್ತಿದ್ದರು. ಯಲಗೂರದಪ್ಪ ಹದಿನಾರನೆಯ ವಯಸ್ಸಿನಿಂದ ಸೀಗೆಕಾಯಿ ಹಾಕಿ, ಎಣ್ಣೆ ತಿಕ್ಕಿ, ನನ್ನನ್ನು ಟೊಂಕದ ಮಟ್ಟಕ್ಕೆ ಬೆಳೆಸಿದ್ದ. ದಿನದಲ್ಲಿ ತುರುಬು ಕಟ್ಟಿ ಮೇಲೆ ರುಮಾಲು ಸುತ್ತುತ್ತಿದ್ದ. ಆಟದಲ್ಲಿ ಹೆಳಲು ಇಳಿಬಿಟ್ಟು ರಾಣಿಯಾಗುತ್ತಿದ್ದ.

"ನನಗ ಗಂಡನೂ ಅದಾನ, ಸವತಿನೂ ಅದಾಳ" ಎಂದು ಹೆಂಡತಿ ನೀಲವ್ವ ನನ್ನನ್ನು ಬಾಚುತ್ತಾ ನಗುತ್ತಿದ್ದಳು.

ಒಮ್ಮೆ ಅವನು ನಗಲಿಲ್ಲ. "ಸೀರಿ ಉಟ್ಟಾಗ ನಾ ಸೋಗು ಹಾಕ್ತೀನಿ ಅಂತಾರ ಮಂದಿ. ರುಮಾಲು ಸುತ್ತಿದಾಗ ಹಾಕ್ತೀನಿ ಅಂತ ಯಾರ ಮುಂದ ಹೇಳ್ಲಿ?" ಎಂದ. ನೀಲವ್ವ ಬಾಚುವ ಕೈ ನಿಲ್ಲಿಸಲಿಲ್ಲ. ಅವಳಿಗೆ ಅದು ಮೊದಲೇ ಗೊತ್ತಿತ್ತು.

ಒಂದು ಮುಂಜಾನೆ, ಆಟಕ್ಕೆ ಹೋದ ಪರವೂರಿನ ಬಾವಿಕಟ್ಟೆಯ ಮೇಲೆ ಅವನು ಬೆನ್ನು ಮಾಡಿ ಕೂತು ನನ್ನನ್ನು ಬಿಸಿಲಿಗೆ ಹರವಿದ್ದ. ಆ ಊರಿನ ಗೌಡನ ಮಗ ಸಂಗನಗೌಡ ಬಂದ. ಮೀಸೆ ತಿರುವುವುದೇ ಅವನ ಉದ್ಯೋಗ.

"ಏ ಚೆಲುವಿ, ಯಾರ ಮನಿಯಾಕಿ ನೀ? ಒಂದೀಟು ಈ ಕಡೆ ಮಾರಿ ತೋರ್ಸು."

ತಿರುಗಿದ ಮಾರಿಯಲ್ಲಿ ಎರಡು ದಿನದ ಗಡ್ಡವಿತ್ತು! ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. "ಗೌಡ್ರಿಗೆ ಹೆಣ್ಣು ಮನಸಿಗೆ ಬಂತು, ಅಕ್ಕಿಕಾಳು ತರ್‍ರೆವ್ವಾ!" ಎಂದಳು ಒಬ್ಬ ಮುದುಕಿ. ಊರ ಬಾಯಿಗೆ ಮುಚ್ಚಳವುಂಟೆ? ಮಧ್ಯಾಹ್ನದೊಳಗೆ ಅಗಸೆಬಾಗಿಲ ತನಕ ಅದೇ ಮಾತು.

ತಪ್ಪು ಅವನ ಕಣ್ಣಿನದು, ಶಿಕ್ಷೆ ನನಗೆ. ಇಬ್ಬರು ಆಳುಗಳು ಯಲಗೂರದಪ್ಪನನ್ನು ನೆಲಕ್ಕೆ ಒತ್ತಿ ಹಿಡಿದರು. ಸಂಗನಗೌಡ ತಾನೇ ಕತ್ತರಿ ಆಡಿಸಿದ. "ಅಳಬ್ಯಾಡಲೇ, ಮತ್ತ ಬೆಳಿತಾವ" ಎಂದು ನನ್ನನ್ನು ಧೂಳಿಗೆ ಎಸೆದ.

ಯಲಗೂರದಪ್ಪ ನನ್ನನ್ನು ಪಂಚೆಯಲ್ಲಿ ಕಟ್ಟಿಕೊಂಡು ಠಾಣೆಗೆ ಹೋದ. ಫೌಜದಾರ ಪೆನ್ನು ಮುಟ್ಟಲಿಲ್ಲ. "ಕೂದಲಾ ಹೋದ್ರ ಕೇಸೇನೋ? ಹೋಗು." ಮನೆಗೆ ಬಂದ ಮೇಲೆ ಅವನು ಆಡಿದ್ದು ಒಂದೇ ಮಾತು: "ಒಂದು ಸಲ ಬರಕೋಬೇಕಾಗಿತ್ತು, ನೀಲಾ."

ನೀಲವ್ವ ನನ್ನನ್ನು ಎಳೆ ಎಳೆಯಾಗಿ ಆರಿಸಿ, ತೊಳೆದು, ದಾರಕ್ಕೆ ಹೆಣೆದು ಚೌರಿ ಮಾಡಿದಳು. ಹನ್ನೊಂದು ವರ್ಷ ನಾನು ಅವನದೇ ತಲೆಗೆ ಹೊರಗಿನವಳಾಗಿ ಕುಣಿದೆ. ಹೊಸ ಕೂದಲು ಕಿವಿ ಮುಟ್ಟಿದರೆ ಸಾಕು, ಆ ಕತ್ತರಿ ಅವನಿಗೆ ನೆನಪಾಗುತ್ತಿತ್ತು. ಅಂದೇ ಹೋಗಿ ಕ್ಷೌರ ಮಾಡಿಸಿಕೊಂಡು ಬರುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಸಂಗನಗೌಡನ ಕುತ್ತಿಗೆಗೆ ಸುತ್ತಿಕೊಳ್ಳಬೇಕು ಅನ್ನಿಸುತ್ತಿತ್ತು ನನಗೆ.

ಅವನೇ ಬಂದ. ಹೊಲದ ಬದುವಿನ ಜಗಳದಲ್ಲಿ ಒಬ್ಬನಿಗೆ ಕೊಡಲಿ ಹಾಕಿ ಕೊಂದು, ಮಟಮಟ ಮಧ್ಯಾಹ್ನ ನಮ್ಮ ಹಿತ್ತಿಲ ಬಾಗಿಲು ಬಡಿದ. ದಾರಿ ದಾರಿಯಲ್ಲೂ ಪೊಲೀಸರಿದ್ದರು.

"ಗಂಡಸರನ್ನ ಹೆಂಗಸು ಮಾಡಾವ ನೀನೊಬ್ಬನ. ನನ್ನ ಬಸ್ಸಿನ ತನಕ ದಾಟಿಸಲೇ ಯಲಗೂರ್‍ಯಾ" ಎಂದು ಕೈ ಮುಗಿದ.

ಯಲಗೂರದಪ್ಪ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಚಾಪೆ ಹಾಸಿ ಕೂರಿಸಿ ಕ್ಷೌರದ ಕತ್ತಿ ಮಸೆದ. ಮೀಸೆ ಮಡಿಲಿಗೆ ಬಿದ್ದಾಗ ಗೌಡನ ಕಣ್ಣು ತುಂಬಿತು.

"ಅಳಬ್ಯಾಡ್ರಿ ಗೌಡ್ರ, ಮತ್ತ ಬೆಳಿತಾವ."

ನನ್ನನ್ನು ಪೆಟ್ಟಿಗೆಯಿಂದ ತೆಗೆದಾಗ ಗೌಡ ಮೂಗು ಮುರಿದ. "ಯಾರ ಕೂದಲಲೇ ಇದು?"

"ನಿಮ್ಮ ಗುರ್ತಿನವರದ ಐತ್ರಿ."

ಚೌರಿ ಕಟ್ಟುವ ದಾರವನ್ನು ಮೊದಲು ನೀರಲ್ಲಿ ನೆನೆಸಬೇಕು. ಆಗ ಗಂಟು ಕಚ್ಚಿ ಹಿಡಿಯುತ್ತದೆ. ಒಣದಾರ ಎಣ್ಣೆದಲೆಯ ಮೇಲೆ ಜಾರುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಯಲಗೂರದಪ್ಪ ಅದನ್ನು ಮರೆತವನಲ್ಲ. ನೀಲವ್ವ ನೀರಿನ ಬಟ್ಟಲು ಮುಂದೆ ಹಿಡಿದಳು.

"ಬ್ಯಾಡ" ಎಂದ. ನೀಲವ್ವ ಗಂಡನ ಮುಖ ನೋಡಿ ಬಟ್ಟಲು ಕೆಳಗಿಟ್ಟಳು.

ಅಂದು ಸಂತೆ. ಬಸ್ ನಿಲ್ದಾಣದ ತನಕ ಗೌಡ ತಲೆತುಂಬ ಸೆರಗು ಹೊದ್ದು ನಡೆದ. ಎದುರಿಗೆ ಪೊಲೀಸಿನವನು ಬಂದ. ಹೆದರಿದಾಗಲೆಲ್ಲ ಮೀಸೆ ತಿರುವುವ ಕೈ, ಸೆರಗು ಬಿಟ್ಟು ಮೇಲೆದ್ದಿತು. ಇಲ್ಲದ ಮೀಸೆಯನ್ನು ಹುಡುಕಿತು. ಸೆರಗು ಜಾರಿತು. ನಾನೇನು ಕಾಯುತ್ತಾ ಕೂತೆನೆ? ಅವನು ನನ್ನನ್ನು ಎಸೆದಿದ್ದಂಥದೇ ಧೂಳಿಗೆ ನಾನಾಗಿಯೇ ಇಳಿದೆ. ಸಂತೆಗೆ ಸಂತೆಯೇ ನಕ್ಕಿತು.

ಕೊಲೆಯ ಮೊಕದ್ದಮೆಯಲ್ಲಿ ನಾನು ಮುದ್ದೆಮಾಲು, ಜಪ್ತಿಯಾದ ಸಾಕ್ಷಿವಸ್ತು. ಪೊಲೀಸಿನವನು ನನಗೆ ಕಟ್ಟಿದ ಚೀಟಿಯಲ್ಲಿ "ಅಪರಿಚಿತ ಹೆಂಗಸಿನ ಕೂದಲು" ಎಂದು ಬರೆದ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಸರ್ಕಾರಿ ವಕೀಲ ನನ್ನನ್ನು ಎರಡು ಬೆರಳಲ್ಲಿ ಎತ್ತಿ ಕೇಳಿದ, "ಯಾವ ಹೆಂಗಸಿನದು ಇದು?"

ಸಾಕ್ಷಿಯ ಕಟಕಟೆಯಲ್ಲಿ ಯಲಗೂರದಪ್ಪ ನೆಟ್ಟಗೆ ನಿಂತ. "ನಂದ್ರಿ ಸಾಹೇಬ್ರ. ನೆಲಕ್ಕ ಕೆಡವಿ ಕತ್ತರಿಸಿದಾಂವ ಅಲ್ಲಿ ನಿಂತಾನ."

ಗೌಡ ಆಗ ನನ್ನನ್ನು ಗುರುತಿಸಿದ. ಅವನ ಮುಖ ಸುಣ್ಣವಾಯಿತು. ಅವನ ವಕೀಲ ಎದ್ದು, ಇದಕ್ಕೂ ಕೊಲೆಗೂ ಏನು ಸಂಬಂಧ ಎಂದ. ನ್ಯಾಯಾಧೀಶರು ಕನ್ನಡಕ ತೆಗೆದು ಯಲಗೂರದಪ್ಪನನ್ನು ನೋಡಿದರು. "ಹೇಳಿದ್ದನ್ನ ಬರ್ಕೋರಿ" ಎಂದರು. ಟೈಪ್ ಯಂತ್ರ ಟಕಟಕ ಎಂದಿತು. ನನ್ನ ಚೀಟಿಯನ್ನೂ ಹೊಡೆದುಹಾಕಿ ಯಲಗೂರದಪ್ಪನ ಹೆಸರು ಬರೆದರು.

ಗೌಡನಿಗೆ ಜೀವಾವಧಿಯಾಯಿತು. ಅದು ಕೊಡಲಿಗೆ. ನನ್ನದು ಟೈಪಾದ ಆ ಎರಡು ಸಾಲು, ನನಗೆ ಅದೇ ಹೆಚ್ಚು.

ಈಗ ನಾನು ಕೋರ್ಟಿನ ಮುದ್ದೆಮಾಲಿನ ಕೋಣೆಯಲ್ಲಿ, ತುಕ್ಕು ಹಿಡಿದ ಆ ಕೊಡಲಿಯ ಪಕ್ಕದಲ್ಲಿದ್ದೇನೆ. ನುಸಿ ಹಿಡಿದಿದೆ. ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನಗೇನೂ ಹಾಗಾಗಿಲ್ಲ, ಹೊಟ್ಟೆ ತುಂಬಿದೆ. ಯಲಗೂರದಪ್ಪ ನನ್ನನ್ನು ವಾಪಸ್ ಕೇಳಲು ಬರಲಿಲ್ಲ ಎಂಬ ಬೇಸರವೂ ಇಲ್ಲ. ಸಾಕ್ಷಿ ಹೇಳಿ ಮೆಟ್ಟಿಲಿಳಿದು ಹೋಗುವಾಗ ಅವನ ತಲೆಯ ಹಿಂಬದಿ ನನಗೆ ಕಂಡಿತ್ತು. ರುಮಾಲು ಇರಲಿಲ್ಲ. ಅರ್ಧ ನರೆತ ಹೊಸ ಕೂದಲು ಹೆಗಲು ದಾಟಿತ್ತು, ನೀಲವ್ವ ಅದನ್ನು ಹೆಳಲು ಹಾಕಿದ್ದಳು.