ಕೆಂಪು ಚುಕ್ಕೆಗೆ ನೇರ

ಕಾಣಿಯೂರು ದಾಟಿ ಜೀಪು ತಿರುವಿನಲ್ಲಿ ವಾಲಿದಾಗ ಮಡಿಲಲ್ಲಿದ್ದ ಕೋವಿ ಜಾರಿ ಭವಿತಾಳ ಮೊಣಕಾಲಿಗೆ ತಾಗಿತು, ಚೀಲದೊಳಗೆ ಏನೂ ಅಲುಗಲಿಲ್ಲ — ಅಲುಗಬೇಕಿತ್ತು, ಒಮ್ಮೆ ಕಟಕ್ ಅನ್ನಬೇಕಿತ್ತು, ಆಗ ಅಜ್ಜನಿಗೆ ತಾನಾಗಿಯೇ ತಿಳಿಯುತ್ತಿತ್ತು, ಇವಳು ಬಾಯಿ ಬಿಡಬೇಕಾಗಿರಲಿಲ್ಲ — ಆದರೆ ಅಲುಗುವುದು ಹೇಗೆ, ಬಿಗಿ ಮಾಡಿದವಳು ಇವಳೇ, ಮಾಡಬೇಕಾದ ದಿನ ಬಿಟ್ಟು ಎಲ್ಲ ಮುಗಿದ ಮರುದಿನ. ಪಕ್ಕದಲ್ಲಿ ಮೇದಪ್ಪಜ್ಜ, ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಲೈಸೆನ್ಸು, ಮದುವೆಗೆ ಹೊರಟವರ ಹಾಗೆ, ಹೋಗುತ್ತಿರುವುದು ಕಡಬದ ಠಾಣೆಗೆ, ಕೋವಿ ಒಪ್ಪಿಸಲಿಕ್ಕೆ, ಇನ್ನು ವಾಪಸು ತರಲಿಕ್ಕಿಲ್ಲ. ಓಟು ಬಂದಾಗಲೆಲ್ಲ ಒಪ್ಪಿಸುತ್ತಿದ್ದರು, ಊರಿನ ಎಲ್ಲರೂ ಒಪ್ಪಿಸುವುದೇ, ಓಟು ಮುಗಿದು ತಂದ ದಿನ ಅಜ್ಜನಿಗೆ ಊಟಕ್ಕಿಂತ ಮೊದಲು ಒಂದೇ ಕೆಲಸ, ಮರದ ಹಿಡಿಯನ್ನು ಕಬ್ಬಿಣಕ್ಕೆ ಸೇರಿಸುವ ಎರಡು ಸ್ಕ್ರೂ. ತಿಂಗಳುಗಟ್ಟಲೆ ಠಾಣೆಯ ಮೂಲೆಯಲ್ಲಿ ನಿಂತು ಮರ ಕುಗ್ಗುತ್ತದೆ ಮಗಾ, ಸ್ಕ್ರೂ ಸಡಿಲ ಆಗ್ತದೆ, ನಮ್ಮ ಕಣ್ಣಿಗೆ ಕಾಣುದಿಲ್ಲ, ಗುಂಡಿಗೆ ಗೊತ್ತಾಗ್ತದೆ, ಮುಂದಿನದು ಮೊದಲು, ಹಿಂದಿನದು ಮತ್ತೆ, ಜಾಸ್ತಿ ತಿರುಗಿಸಿದರೆ ಮರ ಬಿರಿಯುತ್ತದೆ. ಎಷ್ಟು ಸಾಕು ಎಂಬ ಗುರುತಿಗೆ ಏಳನೇ ಕ್ಲಾಸಿನಲ್ಲಿದ್ದಾಗ ಭವಿತಾ ತನ್ನ ನೈಲ್ ಪಾಲಿಶಿನಿಂದ ಸ್ಕ್ರೂ ಪಕ್ಕ ಕೆಂಪು ಚುಕ್ಕೆ ಇಟ್ಟಿದ್ದಳು, ಸ್ಕ್ರೂವಿನ ತಲೆಯ ಗೀರು ಚುಕ್ಕೆಗೆ ನೇರ ಬಂದರೆ ಆಯಿತು, ಮೊಮ್ಮಗಳ ಗುರುತನ್ನು ಅಜ್ಜ ಊರಿಡೀ ತೋರಿಸಿದ್ದರು, ನನ್ನ ಪುಳ್ಳಿಯ ತಲೆ ನೋಡಿ ಮಾರಾಯ್ರೆ.

ಈ ಸಲ ಓಟು ಮುಗಿದು ತಂದಾಗ, ಕೈ ನಡುಗುತ್ತದೆ, ನೀನೇ ಮಾಡು ಎಂದು ಅಜ್ಜ ಸ್ಕ್ರೂಡ್ರೈವರ್ ಕೊಟ್ಟರು, ಕೊಟ್ಟದ್ದೇ ಸರಿ, ಫೋನು ಬಂತು, ಗೆಳತಿ ಯಶಸ್ವಿಯದು, ಎಂತ ಮಾತಾಡಿದೆವೋ ಈಗ ಒಂದು ಶಬ್ದವೂ ನೆನಪಿಲ್ಲ, ಒಳಗಿನಿಂದ ಅಜ್ಜ ಕೇಳಿದರು, ಸ್ಕ್ರೂ ಆಯ್ತಾ ಮಗಾ, ಆಯ್ತಜ್ಜ ಎಂದಳು, ಅಷ್ಟು ಸುಲಭ, ಆಯ್ತಜ್ಜ. ಆದಿತ್ಯವಾರ ಕಾಯಿ ಹೊಡೆಯುವ ಪಂದ್ಯ, ಮೂವತ್ತು ಹೆಜ್ಜೆ ಆಚೆ ಕಟ್ಟಿದ ತೆಂಗಿನಕಾಯಿ, ಮೂರು ಗುಂಡು, ಹೋದ ವರ್ಷ ಮೊದಲನೆಯದಕ್ಕೇ ಒಡೆದವರು ಅಜ್ಜ — ಒಂದು ಎಡಕ್ಕೆ ಹೋಯಿತು, ಒಂದು ಮೇಲೆ, ಮೂರನೆಯದು ಹಿಂದಿನ ಮಣ್ಣಿಗೆ. ಪಂದ್ಯಕ್ಕೆ ಬಂದಿದ್ದ ಕುಶಾಲಪ್ಪಣ್ಣ ನಕ್ಕರು, ನಿಮಗೆ ಇನ್ನು ಕಾಯಿ ಬೇಡ ಮೇದಪ್ಪಣ್ಣ, ಬೊಂಡ ಸಾಕು, ಎಳನೀರು ಕುಡ್ದು ಮನೆಗೆ ಹೋಗಿ. ಅಜ್ಜನೂ ನಕ್ಕರು, ಎಲ್ಲರಿಗಿಂತ ಜೋರಾಗಿ, ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದರು, ಕಣ್ಣು ಹೋಯ್ತು, ಕೈಯೂ ಹೋಯ್ತು, ಇನ್ನು ಕೋವಿ ಎಂತಕ್ಕೆ. ಮರುದಿನ ಕೋವಿ ಒರೆಸುವಾಗ ಕಂಡಿತು, ಗೀರು ಚುಕ್ಕೆಯಿಂದ ಆಚೆ, ಕಾಲು ಸುತ್ತು ಆಚೆ, ಆಚೆ ಈಚೆ ನೋಡಿ ತಿರುಗಿಸಿದಳು, ಮುಂದಿನದು ಮೊದಲು, ಹಿಂದಿನದು ಮತ್ತೆ, ಕಳ್ಳಿಯ ಹಾಗೆ — ಯಾಕೆ ಮುಟ್ಟಿದೆ, ಹಾಗೇ ಎತ್ತಿಕೊಂಡು ಹೋಗಿ ತೋರಿಸಿದ್ದರೆ, ಬೈಯುತ್ತಿದ್ದರು, ಬೈಯಲಿ, ನಾಳೆ ಹೇಳುವ, ನಾಡಿದ್ದು ಹೇಳುವ, ಇವರಿಗೆ ಅನ್ನವೇ ಸೇರುದಿಲ್ಲ ಎಂದು ಪೂವಮ್ಮಜ್ಜಿ ಹೇಳಿದ ದಿನವೂ ಹೇಳಲಿಲ್ಲ, ಕೋವಿ ಒಪ್ಪಿಸುವ ಅರ್ಜಿ ಬರೆದುಕೊಟ್ಟವಳೂ ಇವಳೇ, ವಯಸ್ಸಾದ ಕಾರಣ ಎಂದು, ಚಂದದ ಅಕ್ಷರದಲ್ಲಿ.

ಕಡಬ ಬಂತು, ಬಸ್ಸು, ಜೀಪು, ಇಳಿದು ನಾಲ್ಕು ಹೆಜ್ಜೆಗೆ ಠಾಣೆಯ ಗೇಟು, ಈಗ ಹೇಳದಿದ್ದರೆ ಮತ್ತೆ ಇಲ್ಲ. ಅಜ್ಜಾ, ನಿಮ್ಮ ಕಣ್ಣು ಹೋಗಿಲ್ಲ, ಅವತ್ತು ಸ್ಕ್ರೂ ಸಡಿಲ ಇತ್ತು, ನಾನು ಮಾಡಿರ್ಲಿಲ್ಲ, ಸುಳ್ಳು ಹೇಳಿದ್ದು. ಅಜ್ಜ ನಿಂತರು. ಚೀಲದ ಜಿಪ್ ಎಳೆದು ಬಗ್ಗಿ ನೋಡಿದರು, ಹೆಬ್ಬೆರಳಿನಿಂದ ಸವರಿದರು, ಮುಖದ ಮೇಲೆ ನಗು, ಜೋರಿನದಲ್ಲ, ಸಣ್ಣದು. ಸರಿಯಾಗಿಯೇ ಉಂಟಲ್ಲ ಮಗಾ. ಮತ್ತೆ ಮಾಡಿದ್ದಜ್ಜ, ಮರುದಿನ ಮಾಡಿದ್ದು, ಸತ್ಯ. ಆಯ್ತು ಆಯ್ತು, ಮುದುಕನ ಸಮಾಧಾನಕ್ಕೆ ಸುಳ್ಳು ಕಟ್ಟುದು ಬೇಡ, ಎಷ್ಟು ಚಂದ ಮಾಡಿದ್ದಿ ನೋಡು — ಜಿಪ್ ಪೂರ್ತಿ ಮುಚ್ಚಲಿಲ್ಲ, ಅಜ್ಜ ಚೀಲ ಎತ್ತಿಕೊಂಡು ಮುಂದೆ ಹೋದರು, ಸಂದಿಯಲ್ಲಿ ಸ್ಕ್ರೂ, ಅದರ ತಲೆಯ ಗೀರು, ಕೆಂಪು ಚುಕ್ಕೆ, ನೇರ, ಒಂದು ಕೂದಲೂ ಆಚೆ ಈಚೆ ಇಲ್ಲ, ನೇರ.