ಉದ್ದ ಬಾಲದ ಕಾಗೆ

ಟೆಕ್ಸಾಸಿನ ಕಾಪೆಲ್‌ನ ಕನ್ನಡಿಗರಿಗೆ ಕಪ್ಪಗಿರುವುದೆಲ್ಲ ಕಾಗೆ. ಪಾರ್ಕಿಂಗ್ ಲಾಟಿನಲ್ಲಿ ಫ್ರೆಂಚ್ ಫ್ರೈಸ್‌ಗಾಗಿ ಕಿತ್ತಾಡುವ ಗ್ರ್ಯಾಕಲ್ ಹಕ್ಕಿಗೆ ಉದ್ದನೆಯ ಬಾಲವಿದೆ, ಹಳದಿ ಕಣ್ಣಿದೆ. ಆದರೂ ನಮ್ಮವರು ಅದಕ್ಕೇ ಅನ್ನ ಇಟ್ಟು ಪಿತೃಗಳನ್ನು ಕರೆಯುತ್ತಾರೆ. ಇದನ್ನು ಕಂಡರೆ ನನ್ನ ಗೆಳೆಯ ಮೋಹನರಾಜನಿಗೆ ಮೈಯೆಲ್ಲ ಉರಿಯುತ್ತಿತ್ತು. "ನಿನ್ನ ಬ್ಯಾರೆ ಯಾರದೋ ಹೆಸರಿಲೆ ಕರದ್ರ ಬರ್ತೀಯೇನಪಾ?" ಎನ್ನುತ್ತಿದ್ದ.

ವಾರವಿಡೀ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಕಂಪ್ಯೂಟರ್ ಕೋಡ್ ಬರೆಯುವ ಮನುಷ್ಯ, ಭಾನುವಾರ ನಸುಕಿಗೇ ಹಕ್ಕಿ ನೋಡಲು ನನ್ನನ್ನು ಎಬ್ಬಿಸುತ್ತಿದ್ದ. ಬಾತುಗಳಿಗೆ ಡ್ಯಾಲಸ್ ದಕ್ಷಿಣದಲ್ಲಿ ಟ್ರಿನಿಟಿ ನದಿಯ ಜೌಗು, ಗುಬ್ಬಿಗಳಿಗೆ ಲೂಯಿಸ್‌ವಿಲ್ ಅಣೆಕಟ್ಟಿನ ಕೆಳಗಿನ ಹುಲ್ಲುಗಾವಲು, ಅಸಲಿ ಕಾಗೆ ಬೇಕೆಂದರೆ ಅದೇ ಹುಲ್ಲುಗಾವಲಿನಾಚೆ ನದಿ ದಂಡೆಯ ಮರಗಳು. ಕೇಳಲಿ ಬಿಡಲಿ, ಎಲ್ಲರಿಗೂ ಹೇಳುತ್ತಿದ್ದ. ನಾನು ಬೈದುಕೊಂಡೇ ಹೋಗುತ್ತಿದ್ದೆ. ನಲವತ್ತೊಂಬತ್ತಕ್ಕೇ ಎದೆನೋವು ಬಂದು ಹೊರಟುಹೋದ. ಭಾನುವಾರಗಳ ಮೇಲೆ ನನಗೆ ಇನ್ನೂ ಸಿಟ್ಟಿದೆ.

೨೦೧೬ರ ಅಕ್ಟೋಬರಿನಲ್ಲಿ ಅವನ ವರ್ಷಾಬ್ದಿಕ. ಧಾರವಾಡದಿಂದ ತಾಯಿ ಸೀತಾಬಾಯಿ ಬಂದರು. ಕಾಗೆ ಪಿಂಡ ಮುಟ್ಟದ ಹೊರತು ಮನೆಯವರಿಗೆ ಊಟವಿಲ್ಲ ಎಂಬುದು ಅವರ ಕಟ್ಟು. ಅವನ ಹೆಂಡತಿ ಭಾನುಮತಿ ಹಟ ಹಿಡಿದು ಪಿಂಡವನ್ನು ಆ ನದಿ ದಂಡೆಗೇ ತಂದಳು.

"ಅವರಿಗೆ ಖರೇ ಕಾಗೀನ ಬೇಕು," ಎಂದಳು, ಗಂಡನನ್ನು ನೆನೆದು.

ಮಗ ಸುಮುಖ ಬಾಳೆಎಲೆಯನ್ನು ಹುಲ್ಲಿನ ಮೇಲಿಟ್ಟು ಬಂದ. ನಾವು ದೂರ ಸರಿದು ಕುಳಿತೆವು.

ಕಾಗೆಗಳೇನೋ ಇದ್ದವು. ನದಿಯಾಚೆಯ ಮರದಲ್ಲಿ ಕೂಗುತ್ತಲೇ ಇದ್ದವು, ಇಳಿಯಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎನ್ನುತ್ತಾರಲ್ಲ, ಭಾನು ಕೈಮುಗಿದು ಮಾತು ಕೊಟ್ಟಳು. ಮಗನನ್ನು ಓದಿಸುತ್ತೇನೆ, ಅತ್ತೆಯನ್ನು ನೋಡಿಕೊಳ್ಳುತ್ತೇನೆ ಎಂದಳು. ಒಂದೂ ಬರಲಿಲ್ಲ. ಬಿಸಿಲೇರಿತು. ಬೆಳಗಿನಿಂದ ಅತ್ತೆ ಸೊಸೆ ಇಬ್ಬರೂ ನೀರು ಮುಟ್ಟಿರಲಿಲ್ಲ. ಸೀತಾಬಾಯಿಗೆ ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಭಾನು ಗಾಬರಿಯಿಂದ ಮತ್ತೆ ಮತ್ತೆ ಅವರತ್ತ ನೋಡತೊಡಗಿದಳು.

ಆಗ ಒಂದು ಬಂತು, ಉದ್ದ ಬಾಲ ಎಳೆದುಕೊಂಡು. ಎಲೆಯ ಸುತ್ತ ನಡೆದು ಪಿಂಡಕ್ಕೆ ಕೊಕ್ಕು ಹಾಕಿತು.

ಸೀತಾಬಾಯಿ ಕನ್ನಡಕ ಸರಿಮಾಡಿಕೊಂಡರು. "ಮುಟ್ಟಿತೇನವಾ, ಭಾನು?"

ಭಾನು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಮುಟ್ಟಿತ್ರಿ ಅತ್ಯಾ. ಕಾಗಿ ಮುಟ್ಟಿತು."

"ಬಂದಾ ನನ್ನ ಕೂಸು. ನಡೀರಿ, ಉಣ್ಣೋಣು."

ಭಾನು ಕಣ್ಣೊರೆಸಿಕೊಳ್ಳುತ್ತ ಮಗನೊಂದಿಗೆ ಕಾರಿನತ್ತ ನಡೆದಳು. ನಾನು ಸೀತಾಬಾಯಿಯ ಕೈ ಹಿಡಿದು ಹಿಂದೆ ಬಂದೆ. ಜೀವಮಾನವೆಲ್ಲ ಹಕ್ಕಿಗಳ ಹೆಸರಿಗಾಗಿ ಜಗಳವಾಡಿದವನ ತಿಥಿಯಲ್ಲೇ ಸುಳ್ಳು ಹೆಸರು ಹೇಳಿದೆವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಅರ್ಧ ದಾರಿಯಲ್ಲಿ ಅವರು ನಿಂತರು.

"ಪ್ರಹ್ಲಾದ, ಅದು ಗ್ರ್ಯಾಕಲ್ ಅಲ್ಲೇನು? ಹೋದ ಸಲ ಬಂದಾಗ ಮೋಹನ ನನ್ನ ಇಲ್ಲೇ ಕೂಡಿಸಿ ಕಲಿಸಿದ್ದ. ಬಾಲ ನೋಡವಾ, ಕಣ್ಣ ನೋಡವಾ ಅಂತ."

ಅವರು ಮುಂದೆ ಹೋಗುತ್ತಿದ್ದ ಭಾನುವನ್ನೇ ನೋಡಿದರು.

"ನಾ ಉಣದಿದ್ರ ಭಾನು ಉಣಂಗಿಲ್ಲ. ಅಕಿಗೆ ಹೇಳಬ್ಯಾಡಪಾ."

ನದಿಯಾಚೆ ಕಾಗೆಗಳು ಇನ್ನೂ ಕೂಗುತ್ತಿದ್ದವು. ಸೀತಾಬಾಯಿ ತಿರುಗಿ ನೋಡಲಿಲ್ಲ. ನನ್ನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು.